ನಾಗಮ್ಮ ಕಡಿದುಕೊಟ್ಟ ಬದು

ಹೊಳನಗದ್ದೆಯಲ್ಲಿ ಭತ್ತದ ಕೊಯ್ಲು ಮುಗಿದ ಮೇಲೆ ಯಾರ ಗದ್ದೆಯಲ್ಲಿ ಯಾರು ಬೇಕಾದರೂ ಹಾದುಹೋಗಬಹುದು. ಹಿಂದಿನ ಗದ್ದೆಗೆ ಗೊಬ್ಬರದ ಗಾಡಿ ಹೋಗಬೇಕಾದರೆ ಮುಂದಿನವರು ತಮ್ಮ ಬದುವನ್ನು ಕಡಿದುಕೊಡುತ್ತಾರೆ. ಮೊದಲ ಮಳೆಗೆ ಮಣ್ಣು ಕಟ್ಟಿ ಮುಚ್ಚುತ್ತಾರೆ. ಮುಚ್ಚದಿದ್ದರೆ ಗದ್ದೆಯಲ್ಲಿ ನೀರು ನಿಲ್ಲುವುದಿಲ್ಲ, ನಾಟಿ ಆಗುವುದಿಲ್ಲ. ನಾಗಮ್ಮ ಸೊಸೆಯಾಗಿ ಬಂದ ಲಾಗಾಯ್ತು ಪ್ರತಿ ಬೇಸಿಗೆ ಹೀಗೆ ಬದು ಕಡಿದವಳು. ಹಿಂದಿನ ಗದ್ದೆ ದೇವಿಯದು.

ಇಬ್ಬರೂ ಒಂದೇ ಕೇರಿಯವರು. ನಾಗಮ್ಮನ ಗಂಡ ಶುಕ್ರ ತೀರಿಕೊಂಡ ವರ್ಷ ಅವಳ ಗದ್ದೆಗೆ ಇಳಿದು ನಾಟಿ ಮುಗಿಸಿದವಳು ದೇವಿ. ಆ ಉಪಕಾರವನ್ನು ನಾಗಮ್ಮ ಮರೆತವಳಲ್ಲ. ಗಾಡಿಯ ಅಗಲದಷ್ಟು ನೆಲ ಬಿಟ್ಟು, ಉಳಿದದ್ದರಲ್ಲಿ ಚಳಿಗಾಲಕ್ಕೆ ಹರಿವೆ, ಈರುಳ್ಳಿ ಬೆಳೆದು, ಕುಮಟಾಕ್ಕೆ ಹೊತ್ತು ಮಾರಿ ಮಗಳು ಕಲ್ಪನಾಳನ್ನು ಓದಿಸಿದಳು.

ಕುಮಟಾ ಪೇಟೆ ಈಗ ಗದ್ದೆಗಳ ಅಂಚಿಗೆ ಬಂದು ನಿಂತಿದೆ. ಗೇರುಸೊಪ್ಪದ ಕಡೆಯ ಹಳ್ಳಿಗಳಿಂದ, ಭಟ್ಕಳದಿಂದ, ಘಟ್ಟದ ಮೇಲಿಂದ ಬಂದ ನೌಕರರಿಗೆ, ಕೂಲಿಯವರಿಗೆ ಮನೆ ಬೇಕು. ಇದರಲ್ಲಿ ತಪ್ಪೇನಿಲ್ಲ. ನಾಗಮ್ಮನೂ ತಪ್ಪೆನ್ನಲಿಲ್ಲ; ಜನ ಹೆಚ್ಚಾದಷ್ಟೂ ಅವಳ ಬುಟ್ಟಿ ಬೇಗ ಖಾಲಿಯಾಗುತ್ತಿತ್ತು.

ಕಳೆದ ಬೇಸಿಗೆಯಲ್ಲಿ ದೇವಿಯ ಮಗ ಲೋಕೇಶ ಬಂದ. ಅವನದು ಟಿಪ್ಪರ್ ಓಡಿಸುವ ಕೆಲಸ.

“ದೊಡ್ಡಮ್ಮ, ಗದ್ದೆಗೆ ನಾಲ್ಕು ಲೋಡು ಮಣ್ಣು ಹಾಕ್ಬೇಕಿತ್ತು. ಬದು ಕಡಿದುಕೊಡ್ತ್ಯಾ?”

“ಅದನ್ನ ಎಂತಕ್ಕೆ ಕೇಳ್ತೆ ಮಾರಾಯ? ನಿನ್ನ ಅಜ್ಜ ಕೇಳಿದ್ನಾ?”

ಅವಳೇ ಗುದ್ದಲಿ ಹಿಡಿದು, ಟಿಪ್ಪರ್ ಹಿಡಿಸುವಷ್ಟು ಅಗಲಕ್ಕೆ ಕಡಿದಳು. ಬೇಸಿಗೆಯುದ್ದಕ್ಕೂ ಕೆಂಪು ಮಣ್ಣು ಹೋಯಿತು, ಆಮೇಲೆ ಮನೆ ಕಟ್ಟುವ ಚಿರೆಕಲ್ಲು ಹೋಯಿತು.

“ಅಮ್ಮ, ನಾಲ್ಕು ಲೋಡಲ್ಲಿ ಯಾರಾದ್ರೂ ಮನೆ ಕಟ್ತಾರಾ?” ಎಂದು ಕಲ್ಪನಾ ಹಂಗಿಸಿದಳು. “ನಿನ್ನ ಲೋಕೇಶ ಸೈಟ್ ಮಾಡ್ತಾ ಇದ್ದಾನೆ.”

“ಅವ್ನ ಜಾಗ, ಅವ್ನು ಎಂತ ಬೇಕಾದ್ರೂ ಮಾಡ್ಲಿ. ಮಳೆ ಬಂದ್ರೆ ನನ್ನ ಬದು ನಾನು ಕಟ್ಕಂತೆ.”

ಮಳೆ ಬಂತು. ನಾಗಮ್ಮ ಗುದ್ದಲಿ ತಂದಾಗ ಲೋಕೇಶ ಅಡ್ಡ ನಿಂತ. ಮನೆ ಕಟ್ಟುವವರಿಗೆ ದಾರಿ ಇದೆಯೆಂದು ಹೇಳಿಯೇ ಅವನು ಜಾಗ ಮಾರಿದ್ದ.

“ಈಗ ಮುಚ್ಚಿದ್ರೆ ಹೆಂಗೆ ದೊಡ್ಡಮ್ಮ? ಅವ್ರೆಲ್ಲ ಹಾರಿ ಹೋಗ್ಬೇಕಾ?”

ಊರಿನ ಹಿರಿಯ ಸೋಮಯ್ಯನ ಅಂಗಳದಲ್ಲಿ ಮಾತುಕತೆ ನಡೆಯಿತು. ಕಚೇರಿಗೆ ಹೋಗೋಣ, ಅಳತೆ ಮಾಡಿಸೋಣ ಎಂದಳು ಕಲ್ಪನಾ. ನಾಗಮ್ಮ ಕೇಳಲಿಲ್ಲ.

“ದೇವಿಗೆ ಗೊತ್ತುಂಟು. ಅವ್ಳು ಹೇಳಿದ್ದೇ ಆಗ್ಲಿ.”

ಸೋಮಯ್ಯ ದೇವಿಯತ್ತ ತಿರುಗಿದ. ದೇವಿ ಮಗನ ಮುಖ ನೋಡಲಿಲ್ಲ, ನಾಗಮ್ಮನ ಮುಖವನ್ನೂ ನೋಡಲಿಲ್ಲ.

“ದಾರಿ ಮುಂಚಿಂದ್ಲೂ ಇತ್ತು. ನಮ್ಮ ಮಾವನ ಕಾಲಕ್ಕೂ ಗಾಡಿ ಹೋಗ್ತಿತ್ತು.”

“ಮಳೆಗಾಲಕ್ಕೆ ಹೋಗ್ತಿತ್ತನೇ ದೇವಿ?” ನಾಗಮ್ಮ ಕೇಳಿದಳು. “ಅದೂ ಹೇಳು.”

ದೇವಿ ಸೆರಗು ಸರಿಮಾಡಿಕೊಂಡಳು.

“ನೀನೇ ಒಪ್ಪಿದ್ದಲ್ಲ ನಾಗಮ್ಮ, ಅವ್ಳ ಮಾತು ಅಂತ,” ಎಂದು ಸೋಮಯ್ಯ ಎದ್ದ. “ಆತು, ಇನ್ನು ಬೆಳೆಸೂದು ಬೇಡ.”

ದೇವಿ ಕೆಟ್ಟವಳೆಂದು ನಾನು ಬರೆಯುವುದಿಲ್ಲ. ಮಗನನ್ನು ಉಳಿಸಿಕೊಳ್ಳಲು ಅರ್ಧ ಸತ್ಯ ಹೇಳಿದಳು; ಇನ್ನರ್ಧವನ್ನು ತನ್ನ ಬಾಯಿಂದಲೇ ಕೇಳಲು ಕಾದು ನಿಂತವಳು ಎದುರಿಗಿದ್ದಾಳೆಂದು ತಿಳಿದೂ ನುಂಗಿಕೊಂಡಳು. ನಾಗಮ್ಮನಿಗೂ ನನ್ನಿಂದ ವಿನಾಯಿತಿ ಇಲ್ಲ. ಮಗಳ ಮಾತಿಗೆ ಕಿವಿಗೊಡಬೇಕಿತ್ತು.

ಲೋಕೇಶ ಮಣ್ಣು ಹೇರಿ ದಾರಿಯನ್ನು ಎತ್ತರಿಸಿದ. ಗದ್ದೆ ಇಬ್ಭಾಗವಾಯಿತು. ಮೇಲಿನ ತುಂಡಿನಲ್ಲಿ ನೀರು ಹರಿದುಹೋಗಲಾಗದೆ ಕೊಳೆಯಿತು, ಕೆಳಗಿನ ತುಂಡಿನಲ್ಲಿ ಮಾತ್ರ ನಾಟಿ ಸಾಧ್ಯವಿತ್ತು.

ನಾಟಿಯ ದಿನ ದೇವಿ ಎಂದಿನಂತೆ ಸೀರೆ ಎತ್ತಿ ಕಟ್ಟಿಕೊಂಡು ಬಂದಳು. ಇವಳ ನಾಟಿಗೆ ಅವಳು, ಅವಳ ನಾಟಿಗೆ ಇವಳು ಕೂಲಿಯಿಲ್ಲದೆ ಮುಯ್ಯಾಳಾಗಿ ದುಡಿಯುವುದು ಇಷ್ಟು ವರ್ಷ ನಡೆದುಬಂದದ್ದು. ಗದ್ದೆಯಲ್ಲಿ ಆಗಲೇ ಇಬ್ಬರು ಹೊಸ ಹೆಂಗಸರು ಸಸಿ ಊರುತ್ತಿದ್ದರು.

“ಕೂಲಿಯವ್ರನ್ನ ಕರೆದ್ಯಾ ನಾಗಕ್ಕ? ನಾ ಇರ್ಲಿಲ್ವಾ?”

“ನಿನ್ನ ಗದ್ದೆಲಿ ಮನೆ ಎದ್ದದೆ. ಮುಯ್ಯಿ ತೀರ್ಸೂಕೆ ನಾ ಎಲ್ಲಿ ನಾಟಿ ಮಾಡ್ಲಿ?”

ದೇವಿ ಒಂದು ಕಾಲನ್ನು ಕೆಸರಿಗೆ ಇಟ್ಟಿದ್ದಳು.

“ನಾನೆಂತ ವಾಪಸ್ ಕೇಳಿದ್ನಾ? ಸುಮ್ನೆ ಬಂದೆ.”

“ಸುಮ್ನೆ ಬೇಡ. ಇಳಿತೆ ಅಂದ್ರೆ ಇಳಿ, ಅವ್ರಿಗೆ ಕೊಟ್ಟಷ್ಟೇ ನಿನಗೂ ಕೊಡ್ತೆ.”

ದೇವಿ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. ನಾಗಮ್ಮ ಸಸಿಯ ಕಟ್ಟು ಬಿಚ್ಚಿ, ಬೆನ್ನು ಬಗ್ಗಿಸಿ, ಮುಂದಿನ ಸಾಲು ಹಿಡಿದಳು.