ಸಗಣಿನೊಣ

ನಮ್ಮ ಜೌಗಿನಲ್ಲಿ ಚೆಂದದ್ದಕ್ಕೆ ಚೆಂದದ ಹೆಸರಿಡುವುದಿಲ್ಲ, ಕಣ್ಣು ಬೀಳುತ್ತದೆ. ನನ್ನ ಓರಗಿತ್ತಿ ಹುಟ್ಟುವ ಮೊದಲು ಅವಳ ತಾಯಿ ಮೂರು ಕೂಸು ಕಳೆದುಕೊಂಡಿದ್ದಳು. ನಾಲ್ಕನೆಯದನ್ನು ಝಿಬಾಲಾ ಎಂದು ಕರೆದಳು, ಕಸ ಎಂದರ್ಥ. ಕಸವನ್ನು ಸಾವು ಹೆಕ್ಕುವುದಿಲ್ಲವಲ್ಲ. ಝಿಬಾಲಾ ಬದುಕಿದಳು, ಬೆಳೆದಳು, ಹನ್ನೆರಡು ಎಮ್ಮೆ ಸಾಕಿದಳು. ಅವಕ್ಕೂ ಕುಂಟಿ, ಗೂನಿ, ಮೆಳ್ಳಿ ಎಂದೇ ಹೆಸರು.

ಹೋದ ಬೇಸಿಗೆಯಲ್ಲಿ ನೀರು ಇಳಿದು ಉಪ್ಪಾಯಿತು. ಹನ್ನೊಂದು ಎಮ್ಮೆ ಸತ್ತವು. ಝಿಬಾಲಾ ಅಳಲಿಲ್ಲ. ಸಂಜೆ ಉಳಿದ ಮೆಳ್ಳಿಯನ್ನು ಕರೆಯುವಾಗ ಮಾತ್ರ ಹನ್ನೆರಡು ಹೆಸರನ್ನೂ ಕೂಗುತ್ತಿದ್ದಳು. ನಾಲಗೆಗೆ ಹಾಗೆ ರೂಢಿಯಾಗಿತ್ತು.

ಈ ವಸಂತದಲ್ಲಿ ಬಸ್ರಾದಿಂದ ರಬಾಬ್ ಬಂದಳು, ಹುಳಹುಪ್ಪಟೆಯ ಓದು ಓದಿದ ಹುಡುಗಿ. ನದಿಯಲ್ಲಿ ನೀರು ಸಾಲದೆ ಒಂದೊಂದೇ ಕಾಲುವೆಯ ಬಾಗಿಲು ಮುಚ್ಚುತ್ತಿದ್ದರು. ಕಂದು ರೆಕ್ಕೆಯ ಅಪರೂಪದ ಏರೋಪ್ಲೇನ್ ಚಿಟ್ಟೆ ಇರುವ ಕಾಲುವೆಯನ್ನು ಮಾತ್ರ ಉಳಿಸುತ್ತಾರಂತೆ. ಅದನ್ನು ಹುಡುಕಿ ರಬಾಬ್ ಎರಡು ದಿನ ಜೊಂಡಿನ ತುದಿಗಳನ್ನೇ ನೋಡುತ್ತಾ ಅಲೆದಳು. ಸಿಕ್ಕಿದ್ದೆಲ್ಲ ಕೆಂಪು. ಚಿತ್ರ ತೋರಿಸಿದರೆ ನಮ್ಮವರು, "ಓ ಇದಾ? ಸಗಣಿನೊಣ!" ಎಂದು ನಕ್ಕರು.

ಮೂರನೆಯ ದಿನ ಹೊರಡುವ ಮೊದಲು ನನ್ನ, ಝಿಬಾಲಾಳ ಜೊತೆ ಚಹಾಕ್ಕೆ ಕೂತಳು.

"ಖಾಲಾ, ಇಲ್ಲಿಲ್ಲ ಅಂತ ಬರ್ದಿದ್ದೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮವರಿಗೆ ನೊಣ ಯಾವುದು, ಚಿಟ್ಟೆ ಯಾವುದು ಅಂತಾನೇ ಗೊತ್ತಿಲ್ಲ."

ಗೊತ್ತಿಲ್ಲದೆ ಏನು, ಬೇಕಂತಲೇ ನೊಣ ಅನ್ನುತ್ತೇವೆ! ಮಾತು ಬಾಯಿಗೆ ಬಂತು, ನುಂಗಿದೆ.

ಝಿಬಾಲಾ ಲೋಟ ಕೆಳಗಿಟ್ಟಳು. "ನನ್ನ ಹೆಸರು ಕಸ. ನಾನು ಕಸವಾ ಮಗಳೇ?"

"ಅಯ್ಯೋ, ಅಲ್ಲ ಖಾಲಾ!"

"ಅದೂ ನೊಣ ಅಲ್ಲ."

"ಸುಮ್ನಿರೇ, ದೃಷ್ಟಿ ತಾಗುತ್ತೆ!" ಎಂದು ತಿವಿದೆ.

"ಕುಂಟಿ ಅಂದೆ, ಗೂನಿ ಅಂದೆ. ಹೋಗ್ಲಿಲ್ವಾ? ಇನ್ನೇನು ತಾಗೋದು." ಚಹಾಕ್ಕೆ ಸಕ್ಕರೆ ಸಾಕಾ ಎಂದು ಕೇಳುವ ದನಿ ಅದು. "ನೀನು ತಲೆ ಎತ್ತಿ ಹುಡುಕ್ದೆ ಮಗಳೇ. ಅದು ಜೊಂಡು ಹತ್ತಲ್ಲ. ಕೆಸರಲ್ಲೇ ಕೂರೋದು."

ಮೆಳ್ಳಿಯನ್ನು ಬಿಚ್ಚಿ, ಹುಲ್ಲಿಲ್ಲದ ಕೆಸರು ದಂಡೆಯ ಮೇಲೆ ನಡೆಸಿದಳು. ಗೊರಸು ಊರಿದಲ್ಲೆಲ್ಲ ಗುಂಗುರು ಎದ್ದವು. ಅವನ್ನು ಹಿಡಿಯಲು ಮಣ್ಣೇ ಎದ್ದ ಹಾಗೆ ಕಂದು ರೆಕ್ಕೆಗಳು ಎದ್ದವು, ಎಮ್ಮೆಯ ಹಿಂದೆಹಿಂದೆಯೇ ಹೊರಟವು. ರಬಾಬ್ ಕೆಸರಿನಲ್ಲೇ ಮಂಡಿಯೂರಿದಳು. ಬರೆದದ್ದನ್ನು ಹೊಡೆದುಹಾಕಿದಳು.

"ಹನ್ನೆರಡೂ ಇದ್ದಾಗ ನೋಡ್ಬೇಕಿತ್ತು ನೀನು" ಎಂದಳು ಝಿಬಾಲಾ.

ನಮ್ಮ ಕಾಲುವೆಯ ಬಾಗಿಲು ಮುಚ್ಚಲಿಲ್ಲ. ಸುದ್ದಿ ತಿಳಿದದ್ದೇ ನಾನು ಓಡಿಹೋಗಿ ಹೇಳಿದೆ.

"ಹೌದಾ" ಎಂದಳು.

ಹೊತ್ತು ಇಳಿದಿತ್ತು. ದಂಡೆಗೆ ಹೋಗಿ ಹನ್ನೆರಡು ಹೆಸರನ್ನೂ ಕೂಗಿದಳು. ಮೆಳ್ಳಿ ಬಂತು, ಅದರ ಹಿಂದೆ ಸಗಣಿನೊಣಗಳು.