ಹರಪನಹಳ್ಳಿ ದಾಟಿದ ಮೇಲೆ ತೆಗೆದ ಫಿಲ್ಮು

ನನ್ನ ಗರ್ಭಕೋಶದ ಗಡ್ಡೆಯನ್ನು ಕೊಯ್ಯದೆ, ಹೊರಗಿನಿಂದಲೇ ಶಬ್ದದ ಅಲೆ ಹಾಯಿಸಿ ಸುಡಬಹುದು ಎಂದು ದಾವಣಗೆರೆಯ ಡಾಕ್ಟರು ಹೇಳಿದ್ದರು. ಅದಕ್ಕೆ ಮೊದಲು ಎಂ.ಆರ್.ಐ. ಆಗಬೇಕು. ಕೊಯ್ದು ತೆಗೆದ ಗಡ್ಡೆಯನ್ನಾದರೆ ಪರೀಕ್ಷೆಗೆ ಕಳಿಸಬಹುದು. ಒಳಗೇ ಸುಟ್ಟದ್ದರಲ್ಲಿ ಕ್ಯಾನ್ಸರ್ ಅಡಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಅದಕ್ಕೇ ಮೊದಲು ಈ ಸ್ಕ್ಯಾನು.

ಸ್ಕ್ಯಾನ್ ಮುಗಿಸಿ ಫಿಲ್ಮು ಕೊಟ್ಟರು. ರಿಪೋರ್ಟು ನೇರವಾಗಿ ಡಾಕ್ಟರಿಗೆ ಹೋಗುತ್ತದೆ, ಗುರುವಾರ ಬನ್ನಿ ಎಂದರು. ಜೊತೆಗೆ ಬಂದಿದ್ದ ಸೋದರತ್ತೆಗೆ ಗುರುವಾರದವರೆಗೆ ತಾಳ್ಮೆ ಇರಲಿಲ್ಲ. ಕೊಟ್ಟೂರಿನ ಬಸ್ಸು ಹರಪನಹಳ್ಳಿ ದಾಟಿದ್ದೇ ತಡ, ಫಿಲ್ಮನ್ನು ತೆಗೆದು ಕಿಟಕಿಯ ಬಿಸಿಲಿಗೆ ಹಿಡಿದಳು.

ಮುಂದಿನ ಸೀಟಿನ ಕುರಿಗಾರ ತಿರುಗಿದ. "ಯಾರದವ್ವಾ ಇದು?"

ನನಗೆ ಮದುವೆಯಾಗಿಲ್ಲ. ಅತ್ತೆ ಥಟ್ಟನೆ ಅಂದಳು, "ನಂದು."

"ಗರ್ಭಕೋಶ ಅಲ್ಲೇನು? ಕುರಿ ಹೊಟ್ಟಿ ಬೇಕಾದಷ್ಟು ನೋಡೀನಿ. ಕೊಡ್ರಿಲ್ಲಿ." ಅವನು ಅದನ್ನು ತಲೆಕೆಳಗಾಗಿ ಹಿಡಿದ. ನಾನು ತಿದ್ದಲಿಲ್ಲ, ತಿದ್ದಿದರೆ ಇವಳಿಗೆ ಹೇಗೆ ಗೊತ್ತು ಎಂದಾಗುತ್ತಿತ್ತು.

ಹಿಂದಿನ ಸೀಟಿನ ಅಜ್ಜಿ ಅತ್ತೆಯ ಬೆನ್ನು ಸವರಿದಳು. "ಇಷ್ಟು ಬ್ಯಾನಿ ಇಟ್ಕೊಂಡು ಕುಂತೀಯಲ್ಲಬೇ!" ಅತ್ತೆ ನರಳತೊಡಗಿದಳು. ಚೆನ್ನಾಗಿಯೇ ನರಳಿದಳು. "ನೀರರ ಕುಡಸವಾ, ಕಲ್ಲಿನಂಗ ಕುಂತೀಯಲ್ಲ," ಎಂದು ನನಗೆ ಬೈಗುಳ ಬಿತ್ತು.

ಅವನ ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಫಿಲ್ಮಿನ ಮೂಲೆ ಓದಿದಳು. ಹೆಸರು ಕುರಿಗಾರನ ಹೆಬ್ಬೆರಳಿನಡಿ ಇತ್ತು. "ವಯಸ್ಸು ಇಪ್ಪತ್ತೊಂಬತ್ತು ಅಂತ ಐತಿ."

ಎಲ್ಲರೂ ಅತ್ತೆಯ ನರೆಗೂದಲು ನೋಡಿದರು.

"ತಪ್ಪು ಬರ್ದಾರ," ಎಂದಳು ಅತ್ತೆ.

"ವಯಸ್ಸು ತಪ್ಪಲ್ಲಬೇ, ಫಿಲ್ಮೇ ಬ್ಯಾರೇರದು!" ಕುರಿಗಾರ ಎದ್ದು ನಿಂತ. "ಕಂಡಕ್ಟ್ರೇ, ನಿಲ್ಲಸ್ರಿ. ಈಯಮ್ಮ ವಾಪಸ್ ಹೋಗಿ ಬದಲಿ ಮಾಡಿಸ್ಕೊಂಡು ಬರ್ಲಿ."

ಕಂಡಕ್ಟರ್ ಸೀಟಿ ಊದಿದ. ಬಸ್ಸು ಜೋಳದ ಹೊಲದ ಪಕ್ಕ ನಿಂತಿತು. ಅತ್ತೆ ನಿಜವಾಗಿಯೂ ಚೀಲ ಎತ್ತಿಕೊಂಡಳು.

ಒಂದು ಕ್ಷಣ ನಾನೂ ನಂಬಿದೆ. ಯಾರದೋ ಫಿಲ್ಮು, ಯಾರದೋ ಗಡ್ಡೆ. ಆ ಯಾರೋ ಒಬ್ಬಳಿಗೆ ಏನಾದರೂ ಆಗಲಿ ಎನ್ನುವಷ್ಟು ಹಗುರಾಗಿದ್ದೆ.

"ವಯಸ್ಸು ಸರಿ ಐತ್ರಿ," ಎಂದೆ. "ಫಿಲ್ಮು ನಂದು."

ಕಂಡಕ್ಟರ್ ಮತ್ತೆ ಸೀಟಿ ಊದಿದ, ಬಸ್ಸು ಹೊರಟಿತು. ಕುರಿಗಾರ ನನ್ನ ಮುಖ ನೋಡದೆ, ಎರಡೂ ಕೈಯಲ್ಲಿ ಅದನ್ನು ಕೊಟ್ಟ. ಅಜ್ಜಿ ಅತ್ತೆಯ ಬೆನ್ನಿನಿಂದ ಕೈ ತೆಗೆದು ನನ್ನ ಬೆನ್ನ ಮೇಲಿಟ್ಟಳು. ಕೊಟ್ಟೂರು ಬರುವವರೆಗೂ ತೆಗೆಯಲಿಲ್ಲ.

ಗುರುವಾರ ಡಾಕ್ಟರು ರಿಪೋರ್ಟು ಓದಿದರು. "ಅನುಮಾನ ಪಡುವಂಥದ್ದು ಏನೂ ಕಾಣಿಸಿಲ್ಲ. ನೂರಕ್ಕೆ ನೂರು ಅಂತ ಯಾವ ಸ್ಕ್ಯಾನೂ ಹೇಳೋದಿಲ್ಲ. ಆದರೆ ಚಿಕಿತ್ಸೆ ಮಾಡಬಹುದು."

ಇನ್ನೊಮ್ಮೆ ಹೇಳಿ ಎಂದೆ. ಅದೇ ಮಾತನ್ನು, ಆ 'ಆದರೆ'ಯ ಸಮೇತ, ನಿಧಾನವಾಗಿ ಹೇಳಿದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ, ವಯಸ್ಸು ಇಪ್ಪತ್ತೊಂಬತ್ತು ಎಂದು ನಾನೇ ಬರೆದೆ.