ಮುಖವಿಲ್ಲದ ಕೆಂಪು ಸೀರೆ

ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರ ಮೇಲೆ ನನಗಿದ್ದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ನನಗಿಲ್ಲ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ, ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದೆ. ನಮ್ಮ ಮನೆ ಹೊಳೆಯಾಚೆ ಬೆಂಗ್ರೆಯ ಮರಳಿನ ಮೇಲೆ, ಶಾಲೆ ಈಚೆ ಪೇಟೆಯಲ್ಲಿ. ಕಡಲಿಗೆ ಹೋದ ಅಪ್ಪ ತಿರುಗಿ ಬಾರದೆ ನಾಲ್ಕು ವರ್ಷವಾಗಿತ್ತು. ಹೆಣ ಸಿಗಲಿಲ್ಲ ಎಂಬ ಒಂದೇ ಹಟದಲ್ಲಿ ಅಮ್ಮ ಹೂವು ಮುಡಿಯುವುದನ್ನೂ ಬಿಟ್ಟಿರಲಿಲ್ಲ, ದಡದಲ್ಲಿ ಕಾಯುವುದನ್ನೂ ಬಿಟ್ಟಿರಲಿಲ್ಲ. ಪೇಟೆಗೆ ಹೋಗಿ ಅತ್ತಾವರದ ಮನೆಮನೆಗೆ ಮೀನು ಹೊತ್ತು ಮಾರಿ ನನ್ನನ್ನು ಓದಿಸುತ್ತಿದ್ದಳು.

ಮಾಸ್ತರರಿಗೆ ಫ್ರಾನ್ಸಿನ ಚಿತ್ರಗಳ ಹುಚ್ಚು. ಯಾವುದೋ ದಪ್ಪ ಪುಸ್ತಕ ತರಿಸಿಕೊಂಡು, ಅಲ್ಲಿಯ ಇಂಪ್ರೆಷನಿಸ್ಟ್ ಕಲಾವಿದರು ಕಡಲತೀರದಲ್ಲೇ ಕುಳಿತು, ಬೆಳಕು ಬದಲಾಗುವ ಮೊದಲೇ ಅವಸರವಸರವಾಗಿ ಬಣ್ಣ ಹಚ್ಚುತ್ತಿದ್ದರು ಎಂದು ತರಗತಿಯಲ್ಲಿ ಕೊರೆಯುತ್ತಿದ್ದರು. ಮಳೆಗಾಲ ಕಳೆದದ್ದೇ ತಡ, ಬಣ್ಣದ ಪೆಟ್ಟಿಗೆ ಹೊತ್ತು ದೋಣಿ ಹತ್ತಿ ಬೆಂಗ್ರೆಗೇ ಬಂದರು. ಅಮ್ಮ ಅವರ ಕಣ್ಣಿಗೆ ಬಿದ್ದಳು.

"ನಿನ್ನ ಚಿತ್ರ ಬಿಡಿಸ್ತೇನೆ. ನಾಳೆಯಿಂದ ಬೆಳಿಗ್ಗೆ ಇಲ್ಲೇ ನಿಲ್ಲು, ಆಯ್ತಾ?" ಅಂದರು.

ಅಮ್ಮ ಏಳು ಬೆಳಗ್ಗೆ ನಿಂತಳು. ಇದ್ದ ಒಂದೇ ಒಳ್ಳೆಯ ಕೆಂಪು ಸೀರೆ ಉಟ್ಟು, ಅಬ್ಬಲಿಗೆ ಮುಡಿದು, ಮೂಗುತಿಗೆ ಹುಳಿ ಹಚ್ಚಿ ತಿಕ್ಕಿ, ಖಾಲಿ ಬುಟ್ಟಿ ತಲೆಯ ಮೇಲಿಟ್ಟು ಬಿಸಿಲು ಏರುವವರೆಗೂ ನಿಂತಳು. "ಅಲ್ಲಾಡ್ಬೇಡ ಮಾರಾಯ್ತಿ!" ಎಂದು ಬೈಸಿಕೊಂಡಳು. ಆದರೂ ನೆರೆಕರೆಯಲ್ಲೆಲ್ಲ "ಶಾಲೆಯಲ್ಲಿ ನನ್ನ ಮುಖ ಗೋಡೆಗೆ ಹಾಕ್ತಾರೆ" ಎಂದು ಸಾರಿಕೊಂಡು ಬಂದಳು.

ಶಾಲಾ ವಾರ್ಷಿಕೋತ್ಸವಕ್ಕೆ ಚಿತ್ರ ಸಭಾಂಗಣದ ಗೋಡೆ ಏರಿತು. ಮೊದಲ ದಿನವೇ ಅಮ್ಮನನ್ನು ಕರೆದುಕೊಂಡು ಹೋದೆ. ಬಂಗುಡೆ ಮೀನಿನ ಕಿವಿರು ಎತ್ತಿ ನೋಡಿ ಅಭ್ಯಾಸವಾದವಳು, ಏನನ್ನಾದರೂ ಮೂಗಿನ ಹತ್ತಿರ ಹಿಡಿದೇ ನೋಡಬೇಕು. ಚಿತ್ರಕ್ಕೆ ಗೇಣು ದೂರದಲ್ಲಿ ನಿಂತಳು. ನಾನೂ ಪಕ್ಕದಲ್ಲೇ ನಿಂತೆ. ಕಡಲೆಂದರೆ ಅಡ್ಡಡ್ಡ ಎಳೆದ ನೀಲಿ, ಹಸಿರು, ನಡುನಡುವೆ ಅರಿಶಿನ ಬಣ್ಣದ ತುಂಡುಗಳು. ದೋಣಿಗಳೆಂದರೆ ನಾಲ್ಕು ಕಪ್ಪು ಗೀರು. ಆಕಾಶದಲ್ಲಿ ಬಿಳಿ ಬಣ್ಣ ಗೋಡೆಗೆ ಗಾರೆ ಮೆತ್ತಿದ ಹಾಗೆ ದಪ್ಪಗೆ ಕೂತಿತ್ತು. ಮರಳಿನ ಮೇಲಿನ ನೆರಳಿಗೆ ನೇರಳೆ ಬಣ್ಣ! ಬೆಂಗ್ರೆಯಲ್ಲಿ ಹುಟ್ಟಿ ಬೆಳೆದ ನಾನು ಅಂಥ ನೆರಳನ್ನು ಕಂಡವಳೇ ಅಲ್ಲ. ದಡದಲ್ಲಿ ಹೆಬ್ಬೆರಳಿನಷ್ಟು ಒಂದು ಕೆಂಪು ಗೆರೆ, ಅದರ ಮೇಲೊಂದು ಕಂದು ಚುಕ್ಕೆ. ಅಷ್ಟೇ.

"ನಾನೆಲ್ಲಿ ಮಗಾ?"

ಕೆಂಪು ಗೆರೆ ತೋರಿಸಿದೆ.

"ಮುಖ?"

ಹಿಂದೆ ನಿಂತಿದ್ದ ಹುಡುಗಿಯರು ಕಿಸಕ್ಕನೆ ನಕ್ಕರು. ಅಮ್ಮ ಸೆರಗು ಎಳೆದುಕೊಂಡು ಹೊರಗೆ ನಡೆದಳು. ನನಗೆ ಮೈಯೆಲ್ಲ ಉರಿದುಹೋಯಿತು. ಈ ಮನುಷ್ಯನ ಮರ್ಯಾದೆಯನ್ನು ನಾಲ್ಕು ಜನರ ಮುಂದೆ ಕಳೆಯದಿದ್ದರೆ ನಾನು ಆ ಅಮ್ಮನ ಮಗಳೇ ಅಲ್ಲ ಎಂದು ಅಲ್ಲೇ ಆಣೆ ಹಾಕಿಕೊಂಡೆ.

ಅವಕಾಶ ತಾನಾಗಿ ಬಂತು. ಅದೇ ಚಿತ್ರವನ್ನು ವರ್ಣಿಸಿ ಪ್ರಬಂಧ ಬರೆಯುವ ಸ್ಪರ್ಧೆ ಇಟ್ಟಿದ್ದರು. ಗೆದ್ದವರು ಕೊನೆಯ ದಿನ ಸಭೆಯಲ್ಲಿ ಓದಬೇಕು. ನಾನು ಎರಡು ಪ್ರಬಂಧ ಬರೆದೆ. ಮೊದಲನೆಯದರಲ್ಲಿ ಮಾಸ್ತರರ ಮಾತನ್ನೇ ಅವರಿಗೆ ಬಡಿಸಿದೆ: ಓಡುವ ಬೆಳಕು, ನಡುಗುವ ನೀರು, ಕ್ಷಣದ ಸೊಬಗು. ಬಹುಮಾನ ಬಂತು. ಎರಡನೆಯದನ್ನು ಯಾರಿಗೂ ತೋರಿಸಲಿಲ್ಲ. ಮನೆಯಲ್ಲಿ ಅಮ್ಮ ಚಿತ್ರದ ವಿಷಯ ಎತ್ತಿದಾಗಲೆಲ್ಲ, "ನೀನು ಸುಮ್ಮನಿರು ಅಮ್ಮ, ನಾನು ನೋಡಿಕೊಳ್ತೇನೆ" ಎಂದು ಬಾಯಿ ಮುಚ್ಚಿಸಿದೆ.

ಕೊನೆಯ ದಿನ ಹೆಂಚಿನ ಕಾರ್ಖಾನೆಯ ಧಣಿಗಳೊಬ್ಬರು ಅತಿಥಿಯಾಗಿ ಬಂದಿದ್ದರು. ಮಾಸ್ತರರು ಇಸ್ತ್ರಿ ಮಾಡಿದ ಕೋಟು ಹಾಕಿ ಮೊದಲ ಸಾಲಿನಲ್ಲಿ ಕುಳಿತಿದ್ದರು. ನಾನು ಎರಡನೆಯ ಕಾಗದ ಬಿಚ್ಚಿ ಓದಿದೆ:

"ಈ ಚಿತ್ರದಲ್ಲಿ ಕಡಲು ಉಂಟು, ಆದರೆ ಅದನ್ನು ಕಡಲು ಎಂದು ಮಾಸ್ತರರೇ ಹೇಳಬೇಕು. ದೋಣಿಗಳು ಉಂಟು, ಕಾಗೆಗಳೂ ಆಗಿರಬಹುದು. ದಡದಲ್ಲಿ ಬಣ್ಣ ಚೆಲ್ಲಿದ ಹಾಗೆ ಕಾಣುವುದು ನನ್ನ ಅಮ್ಮ. ಏಳು ದಿನ ಬಿಸಿಲಲ್ಲಿ ನಿಲ್ಲಿಸಿದರೂ ಮಾಸ್ತರರಿಗೆ ಅವಳ ಕಣ್ಣು, ಮೂಗು ಸಿಗಲಿಲ್ಲ."

ಸಭೆಗೆ ಸಭೆಯೇ ಗೊಳ್ಳೆಂದಿತು. ಧಣಿಗಳು ಹೊಟ್ಟೆ ಹಿಡಿದುಕೊಂಡು, "ಹೌದಲ್ಲ ಮಾಸ್ಟ್ರೇ, ಮುಖ ಎಲ್ಲಿ ಉಂಟು ಮಾರಾಯ್ರೇ?" ಎಂದು ಕೇಳಿಯೇಬಿಟ್ಟರು. ಮಾಸ್ತರರ ಕಿವಿ ಕೆಂಪಾದದ್ದನ್ನು ವೇದಿಕೆಯಿಂದಲೇ ಕಂಡೆ. ಆಹಾ, ಆವತ್ತಿನ ಊಟದ ರುಚಿಯೇ ಬೇರೆ!

ಮರುದಿನ ಬೆಳಿಗ್ಗೆ ಹೋಗಿ ನೋಡಿದರೆ ಕೆಂಪು ಗೆರೆಯನ್ನೇ ಮುಚ್ಚುವಷ್ಟು ದೊಡ್ಡ ಮುಖ ಬಂದಿತ್ತು. ಮಾಸ್ತರರು ಹಿಂದಿನ ಸಂಜೆಯೇ ಕೂತು ಬಿಡಿಸಿದ್ದರು: ಎರಡು ಕಣ್ಣು, ಮೂಗು, ಮೂಗುತಿ, ಹಲ್ಲು ಕಾಣುವ ನಗು. ಗೆದ್ದೆ ಎಂದು ಓಡಿ, ಮೀನು ಮಾರುತ್ತಿದ್ದ ಅಮ್ಮನನ್ನು ಹುಡುಕಿ ಎಳೆದುಕೊಂಡು ಬಂದೆ.

ಅಮ್ಮ ಈ ಸಲ ಹತ್ತಿರ ಹೋಗಲಿಲ್ಲ. ಬಾಗಿಲಲ್ಲೇ ನಿಂತು ನೋಡಿದಳು.

"ಇದು ಯಾರು?"

"ನೀನೇ ಅಮ್ಮ. ಈಗ ಮುಖ ಉಂಟಲ್ಲ, ನೋಡು."

"ನಾನಲ್ಲ. ಮೊನ್ನೆ ಇದ್ದದ್ದು ನಾನು."

ವಾರ್ಷಿಕೋತ್ಸವದ ಎರಡನೆಯ ದಿನ ಅವಳು ನೆರೆಮನೆಯ ಹೆಂಗಸರ ಜೊತೆ ಪುನಃ ಬಂದಿದ್ದಳಂತೆ. ಜನಜಂಗುಳಿಯಲ್ಲಿ ಒಳಗೆ ಹೋಗಲಾಗದೆ ಬಾಗಿಲಲ್ಲೇ ನಿಂತಳಂತೆ. ಅಲ್ಲಿಂದ ನೀರು ಹೊಳೆಯಿತಂತೆ, ದೋಣಿಗಳು ದಡಕ್ಕೆ ಬರುತ್ತಿದ್ದವಂತೆ. ಎಡಗಾಲಿಗೆ ಭಾರ ಹಾಕಿ, ತುಸು ವಾಲಿ ನಿಂತ ಹೆಂಗಸು ತಾನೇ ಎಂದು ಥಟ್ಟನೆ ಗೊತ್ತಾಯಿತಂತೆ.

"ದೋಣಿಯಿಂದ ನೋಡಿದ್ರೆ ದಡದಲ್ಲಿ ಯಾರಿಗೂ ಮುಖ ಇರುವುದಿಲ್ಲ ಮಗಾ. ನಾನು ನಿಲ್ಲುವುದನ್ನು ನೋಡಿಯೇ ನಿನ್ನಪ್ಪ ಗುರ್ತ ಹಿಡಿಯುತ್ತಿದ್ದದ್ದು. ದೋಣಿಯಿಂದ ಅವರು ಕಾಣುತ್ತಿದ್ದದ್ದು ಅದನ್ನೇ. ನಿನಗೆ ಹೇಳುವ ಅಂತ ಬಂದ್ರೆ ನೀನು ಬಾಯಿ ತೆರೆಯಲಿಕ್ಕೇ ಬಿಡಲಿಲ್ಲ." ಆಮೇಲೆ ಮೆಲ್ಲಗೆ, "ಒರೆಸಿದ್ರೆ ಹೋಗ್ತದಾ?" ಅಂದಳು.

ನಾನು ಮಾಸ್ತರರ ಕೋಣೆಗೆ ಓಡಿದೆ. ಆಣೆ, ಸೇಡು ಎಲ್ಲ ನುಂಗಿಕೊಂಡು, "ಸರ್, ಆ ಮುಖ ತೆಗೀರಿ" ಎಂದು ಕೈಮುಗಿದೆ. ಅವರು ಕುಂಚ ಒರೆಸುತ್ತಲೇ ಇದ್ದರು.

"ಎಣ್ಣೆ ಬಣ್ಣ ಅದು, ಕೆಳಗಿನ ಕೆಂಪು ಇನ್ನೂ ಒಣಗಲಿಲ್ಲ. ಒರೆಸಿದ್ರೆ ಎರಡೂ ಒಟ್ಟಿಗೆ ಬರ್ತದೆ. ಅದು ನನಗೆ ನಿನ್ನೆಯೇ ಗೊತ್ತಿತ್ತು," ಅಂದರು. "ಸಭೆಯಲ್ಲಿ ಮುಖ ಕೇಳಿದವಳು ನೀನಲ್ವಾ? ಇಟ್ಟುಕೋ."

ತಿರುಗಿ ಬಂದಾಗ ಅಮ್ಮ ಬಾಗಿಲಲ್ಲೇ ಇದ್ದಳು. ಬಾವಿಕಟ್ಟೆಗೆ ಹೋಗಿ ಸೆರಗಿನ ತುದಿಯನ್ನು ಒದ್ದೆ ಮಾಡಿಕೊಂಡು ಬಂದು ಕಾಯುತ್ತಿದ್ದಳು. ಆಗುವುದಿಲ್ಲ ಎಂದು ಅವಳಿಗೆ ನಾನೇ ಹೇಳಬೇಕಾಯಿತು.